ಅವಳ ಹೊಟ್ಟೆಗೆ ನನ್ನ ಕೈಯ ಸೂಜಿ

ಪೂಜಾ ಕುರ್ತಾ ಮೇಲೆತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿ ಕುಳಿತಳು. ಇನ್ಸುಲಿನ್ ಪೆನ್ ನನ್ನ ಕೈಯಲ್ಲಿತ್ತು.

ಅವಳಿಗೆ ಸೂಜಿ ಕಂಡರೆ ಭಯ. ನನಗೆ ಅವಳ ಹೊಟ್ಟೆ ಕಂಡರೆ ಹೊಟ್ಟೆಕಿಚ್ಚು. ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದೇನೆ.

ಪೂಜಾ ನನ್ನ ಮೈದುನನ ಹೆಂಡತಿ, ನಮ್ಮ ಕಡೆಯ ಮಾತಿನಲ್ಲಿ ನೆಗೆಣ್ಣಿ. ಮುಂಬೈನ ಆಂಟಾಪ್ ಹಿಲ್‌ನ ಒಂದೇ ಬಿಲ್ಡಿಂಗಿನಲ್ಲಿ ನಾವು ಕೆಳಗಿದ್ದೇವೆ, ಅವರು ಅತ್ತೆಯ ಜೊತೆ ಮೇಲಿದ್ದಾರೆ.

ನಾನು ಮದುವೆಯಾಗಿ ಮುಂಬೈಗೆ ಬಂದಾಗ ಅವಳು ಇಲ್ಲೇ ಯಾವುದೋ ಶಾಲೆಗೆ ಯೂನಿಫಾರ್ಮ್ ಹಾಕಿಕೊಂಡು ಹೋಗುತ್ತಿದ್ದಿರಬೇಕು. ಈಗ ಅವಳಿಗೆ ಏಳು ತಿಂಗಳು. ನನಗೆ... ಇನ್ನೂ ಏನೂ ಇಲ್ಲ.

ಅವಳನ್ನು ಕಂಡರೆ ಲೋಕಲ್ ಟ್ರೇನಿನಲ್ಲಿ ಲೇಡೀಸ್ ಡಬ್ಬಾದ ಹೆಂಗಸರು ತಾವಾಗಿಯೇ ಎದ್ದು ಸೀಟು ಕೊಡುತ್ತಾರೆ. ನಾನು ಅವಳ ಬ್ಯಾಗ್ ಹಿಡಿದು ಪಕ್ಕದಲ್ಲಿ ನಿಲ್ಲುತ್ತೇನೆ. ಆ ಸೀಟು ಕಂಡರೂ ನನಗೆ ಉರಿಯುತ್ತದೆ.

ಬಸುರಿಯಾದ ಮೇಲೆ ಅವಳಿಗೆ ಶುಗರ್ ಬಂತು. ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳಬೇಕು ಎಂದರು ಡಾಕ್ಟರು. ಮೈದುನ ಮೊದಲ ದಿನ ಪೆನ್ ಹಿಡಿದವನು ಚುಚ್ಚಲಾಗದೆ ಕೆಳಗಿಟ್ಟ. ಆಗ ಅತ್ತೆ ನನ್ನನ್ನು ಕರೆಸಿದರು.

"ದಿನಾ ಸೂಜಿ ಹಿಡಿಯಾಕಿ ನೀನ ಅದಿಯಲ್ಲ. ನೀನ ಚುಚ್ಚಿಬಿಡವಾ," ಅಂದರು.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಷಿನ್ ಸೂಜಿ, ಹುಕ್ ಹಚ್ಚುವ ಕೈಸೂಜಿ, ಕೌದಿ ಹೊಲಿಯುವ ದಬ್ಬಣ... ಅತ್ತೆಯ ಪ್ರಕಾರ ಡಾಕ್ಟರ ಸೂಜಿಯೂ ಅದೇ ಸಾಲಿನದು. ನನಗೆ ಒಳಗೊಳಗೇ ನಗು ಬಂತು. ಯಾಕೆಂದರೆ ಅವರು ಸರಿಯಾದವಳನ್ನೇ ಹಿಡಿದಿದ್ದರು, ಅದು ಅವರಿಗೇ ಗೊತ್ತಿರಲಿಲ್ಲ.

ನನಗೆ ಎರಡನೇ ಸಲದ ಐವಿಎಫ್ ನಡೆಯುತ್ತಿದೆ. ದಿನಾ ಬೆಳಗ್ಗೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ನನ್ನ ಹೊಟ್ಟೆಗೆ ನಾನೇ ಇಂಜೆಕ್ಷನ್ ಹಾಕಿಕೊಳ್ಳುತ್ತೇನೆ. ದಪ್ಪ ಸೂಜಿಯಿಂದ ನೀರು ಎಳೆದು ಪುಡಿ ಔಷಧಿಗೆ ಬೆರೆಸಬೇಕು, ಆಮೇಲೆ ಸೂಜಿ ಬದಲಿಸಿ ಕೂದಲಿನಂಥ ಸಣ್ಣದರಿಂದ ಚುಚ್ಚಿಕೊಳ್ಳಬೇಕು.

ಇದು ನಮ್ಮ ಮನೆಯವರೊಬ್ಬರಿಗೇ ಗೊತ್ತಿತ್ತು. ಅವರು ಬೊರಿವಲಿಯ ಸೈಟಿಗೆ ಕೆಲಸಕ್ಕೆಂದು ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ. ಮನೆಯಲ್ಲಿದ್ದ ದಿನವೂ ಸೂಜಿ ಕಂಡರೆ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾರೆ.

ಮೊದಲ ಸಲ ಎಲ್ಲರಿಗೂ ಹೇಳಿಯೇ ಮಾಡಿಸಿದ್ದೆವು. ಗರ್ಭ ನಿಲ್ಲಲಿಲ್ಲ. ಇಡೀ ಬಿಲ್ಡಿಂಗ್ ಸಮಾಧಾನ ಹೇಳಲು ಬಂತು, ಅದನ್ನು ತಡೆದುಕೊಳ್ಳುವುದೇ ದೊಡ್ಡ ಕಷ್ಟವಾಯಿತು. ಹಾಗಾಗಿ ಈ ಸಲ ಇಬ್ಬರೂ ಬಾಯಿ ಹೊಲಿದುಕೊಂಡಿದ್ದೆವು.

ಅವತ್ತು ಪೂಜಾಳ ಪೆನ್ನಿಗೆ ಸೂಜಿ ತಿರುಗಿಸಿ ಹಾಕಿದೆ. ಒಂದೆರಡು ಹನಿ ಹೊರಗೆ ಬಿಟ್ಟು ನೋಡಿದೆ. ಹೊಟ್ಟೆಯ ಪಕ್ಕದಲ್ಲಿ ಚರ್ಮ ಹಗುರಾಗಿ ಹಿಡಿದು, ನೇರವಾಗಿ ಚುಚ್ಚಿ, ಒತ್ತಿ, ಸ್ವಲ್ಪ ಹೊತ್ತು ತಡೆದು ತೆಗೆದೆ.

ಅವಳು ಕಣ್ಣು ಬಿಟ್ಟು "ಆತಾ?" ಅಂದಳು. ಅವಳಿಗೆ ಚುಚ್ಚಿದ್ದೇ ಗೊತ್ತಾಗಿರಲಿಲ್ಲ.

ಅಷ್ಟರಲ್ಲಿ ನನ್ನ ಅಂಗೈ ಕೆಳಗೆ ಮಗು ಒದೆಯಿತು...

ಕೈ ಸರ್ರನೆ ಎಳೆದುಕೊಂಡೆ. ಆ ಹೊತ್ತಿಗೆ ಮನಸ್ಸಿನಲ್ಲಿ ಒಂದು ಒಳ್ಳೆಯ ಮಾತೂ ಬರಲಿಲ್ಲ. ಇದು ನನ್ನದಾಗಬೇಕಿತ್ತು ಅನ್ನಿಸಿತು, ಅಷ್ಟೇ.

ಇಷ್ಟು ಚೆನ್ನಾಗಿ ಹೇಗೆ ಬರುತ್ತದೆ ಎಂದು ಕೇಳಿದಳು. ಯೂಟ್ಯೂಬ್ ನೋಡಿದೆ ಅಂದೆ. ನಂಬಿದಳು. ಅಂದಿನಿಂದ ದಿನಾ ನಾನೇ ಚುಚ್ಚುತ್ತಿದ್ದೇನೆ.

ಈ ಭಾನುವಾರ ಅವಳ ಕುಬಸ, ಅಂದರೆ ಸೀಮಂತ. ನಮ್ಮ ಕಡೆ ಬಸುರಿಗೆ ಹಸಿರು ಸೀರೆ, ಹಸಿರು ಕುಬಸ ತೊಡಿಸಿ ಉಡಿ ತುಂಬುತ್ತಾರೆ. ಬಟ್ಟೆ ಅವಳ ತವರಿನಿಂದ ಬಂತು, ಹೊಲಿಯುವ ಕೆಲಸ ನನಗೆ ಬಂತು. ಮನೆಯಲ್ಲೇ ಟೇಲರ್ ಇರುವಾಗ ಬೇರೆಯವರಿಗೆ ಯಾರು ಕೊಡುತ್ತಾರೆ?

ಹಲ್ಲು ಕಚ್ಚಿಕೊಂಡು ಹೊಲಿದೆ. ಹೊಲಿಗೆ ಮಾತ್ರ ಬಹಳ ಚೆನ್ನಾಗಿ ಬಂತು, ಅದಕ್ಕೂ ಸಿಟ್ಟು ಬಂತು.

ನಿನ್ನೆ ಟ್ರಯಲ್ ನೋಡಲು ಕೆಳಗೆ ಬಂದಳು. ನಾನು ಹುಕ್ಕಿನ ಡಬ್ಬಿಗೆಂದು ಮೇಲಿನ ಶೆಲ್ಫಿಗೆ ಕೈ ಚಾಚಿದೆ, ಸೆರಗು ಸರಿಯಿತು. ಹೊಕ್ಕುಳಿನ ಎರಡೂ ಪಕ್ಕ ನೀಲಿ ಚುಕ್ಕೆಗಳು... ಅವಳ ಹೊಟ್ಟೆಯ ಮೇಲೆ ಇದ್ದಂಥವೇ. ಅರ್ಥವಾಗದಿರಲು ಅವಳೇನು ಚಿಕ್ಕ ಮಗುವೇ?

ಹತ್ತಿರ ಬಂದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅಕ್ಕಾ, ನಿನಗ ಯಾರು ಹಾಕ್ತಾರ?"

"ನಾನ ಹಾಕ್ಕೋತೀನಿ," ಅಂದೆ.

ಅವಳ ಕಣ್ಣು ತುಂಬಿ ಬಂತು. ನನಗೆ ಮೈಯೆಲ್ಲ ಉರಿಯಿತು. ತುಂಬು ಬಸುರಿಯ ಕನಿಕರ ನನಗೆ ಬೇಕಿರಲಿಲ್ಲ. ಯಾರಿಗೂ ಹೇಳಬೇಡ ಎಂದು ಗದರಿಸಿ ಕಳಿಸಿದೆ.

ಅವಳ ಬಾಯಿಂದ ಬರುವುದಕ್ಕಿಂತ ನಾನೇ ಹೇಳುವುದು ವಾಸಿ ಎಂದು ಸಂಜೆ ಅತ್ತೆಗೆ ಹೇಳಿಬಿಟ್ಟೆ. ಇದನ್ನೆಲ್ಲ ಬರೆಯುವ ಧೈರ್ಯ ಬಂದದ್ದೂ ಅದಾದ ಮೇಲೆಯೇ.

ಇವತ್ತು ಬೆಳಗ್ಗೆ ಯಾರೋ ಬಾಗಿಲು ಬಡಿದರು. ತೆಗೆದರೆ ಪೂಜಾ. ಒಂದು ಮಹಡಿ ಇಳಿದದ್ದಕ್ಕೇ ಏದುಸಿರು ಬಿಡುತ್ತಿದ್ದಾಳೆ.

"ಇವತ್ತಿಂದ ನಿನಗ ನಾ ಹಾಕ್ತೀನಿ. ಡರ್ ಆಗ್ತದ, ಫಿರ್ ಭೀ ಹಾಕ್ತೀನಿ. ಹೆಂಗಂತ ನೀ ಹೇಳು."

ಬೇಡ ಅಂದೆ. ಕೇಳಲಿಲ್ಲ, ಮಂಚದ ತುದಿಯಲ್ಲಿ ಕುಳಿತೇಬಿಟ್ಟಳು. ಕೊನೆಗೆ ಔಷಧಿ ನಾನೇ ಬೆರೆಸಿ ಸಿರಿಂಜ್ ಅವಳ ಕೈಗೆ ಕೊಟ್ಟೆ.

ಕಣ್ಣು ಅರ್ಧ ಮುಚ್ಚಿಕೊಂಡು ಅಡ್ಡಾದಿಡ್ಡಿ ಚುಚ್ಚಿದಳು. ನನ್ನ ಕಣ್ಣಲ್ಲಿ ನೀರು ಬಂತು, ನೋವಿಗೇ ಬಂತು.

ಅವಳ ಹೊಟ್ಟೆ ನನ್ನ ತೊಡೆಗೆ ತಾಗಿಕೊಂಡಿತ್ತು. ಒಳಗೆ ಅದು ಮತ್ತೆ ಒದೆಯಿತು. ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ?

ನನಗೆ ನಾನೇ ಚುಚ್ಚಿಕೊಂಡಾಗ ಒಂದು ದಿನವೂ ಇಷ್ಟು ನೋವಾಗಿರಲಿಲ್ಲ.

ಆದರೂ ನಾಳೆ ಬರಬೇಡ ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.