ಶೋಶಾಮ್ಮ ಚೇಚ್ಚಿ ಮತ್ತು ಕಳೆ ಕೊಯ್ಯುವ ದೋಣಿ

ಕೇರಳದ ನೀರುನಾಡು ಕುಟ್ಟನಾಡಿಗೆ ಕೆಲಸಕ್ಕೆ ಬಂದ ಮೊದಲ ದಿನವೇ ನಾನು ಕಾಲುವೆಯ ಮೇಲೆ ನಡೆಯಲು ಹೋದೆ. ಇಡುಕ್ಕಿ ಬೆಟ್ಟದವನು ನಾನು. ಹಸಿರಾಗಿ, ಒತ್ತಾಗಿ, ನೇರಳೆ ಹೂ ಬಿಟ್ಟು ಹರಡಿಕೊಂಡಿದ್ದು ಮೈದಾನವಲ್ಲದೆ ಇನ್ನೇನು? ದೋಣಿ ಕಟ್ಟುವ ಶೆಡ್ಡಿಗೆ ಅಡ್ಡದಾರಿ ಸಿಕ್ಕಿತೆಂದು ಕಾಲಿಟ್ಟೆ. ಹೊಸ ಷರಟು, ಊಟದ ಡಬ್ಬಿ, ವೆಲ್ಡರ್ ಎಂಬ ಸರ್ಟಿಫಿಕೇಟು ಎಲ್ಲದರ ಸಮೇತ ಎದೆಯವರೆಗೆ ಇಳಿದೆ.

ಕೊಕ್ಕೆಗೋಲು ಚಾಚಿ ಎಳೆದವರು ಶೋಶಾಮ್ಮ ಚೇಚ್ಚಿ, ಶೆಡ್ಡಿಗೆಲ್ಲ ಅಕ್ಕ. ನಮ್ಮ ಶೆಡ್ಡಿನಲ್ಲಿ ಜಲಕಳೆ ಕೊಯ್ಯುವ ದೋಣಿಗಳ ನಕ್ಷೆ ಹಾಕುವವರು. ಪೆಟ್ಟಾಯಿತಾ ಎಂದು ಕೇಳಲಿಲ್ಲ.

"ಕಳೆ ಬೇರು ನಿಂಗೆ ಎಲ್ಲೀವರೆಗೆ ತಾಗ್ತು? ಹೊಟ್ಟೆಗಾ, ತೊಡೆಗಾ?"

"ತೊಡೆಗೆ, ಚೇಚ್ಚಿ."

"ಹಂಗಾದ್ರೆ ಕೊಯ್ಯೋ ಹಲ್ಲು ಇನ್ನೂ ಕೆಳಗೆ ಇಳೀಬೇಕು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಹೋದರು. ಅವರು ಆಗ ಬರೆಯುತ್ತಿದ್ದ ದೋಣಿಯ ವಿನ್ಯಾಸಕ್ಕೆ ನನ್ನ ಕೊಡುಗೆ ಅಷ್ಟೇ.

ಚೇಚ್ಚಿಗೆ ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಒಳಕಾಲುವೆಯ ದಂಡೆಯ ಮನೆಯಲ್ಲಿ ಅಪ್ಪ ಕೋರಚ್ಚನ್ ಜೊತೆ ಇದ್ದರು. ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ನಕ್ಷೆ ಬರೆಯುತ್ತಿದ್ದರು. ಅವರ ಮೊದಲ ದೋಣಿಯ ಪ್ರೊಪೆಲ್ಲರಿಗೆ ಕಳೆ ಸುತ್ತಿಕೊಂಡು, ಅದು ನಡುನೀರಿನಲ್ಲಿ ಎಮ್ಮೆಯಂತೆ ಕೂತಿತಂತೆ. ಎರಡನೆಯದಕ್ಕೆ ಪ್ರೊಪೆಲ್ಲರೇ ಬೇಡವೆಂದು ಎರಡೂ ಪಕ್ಕ ನೀರು ಬಡಿಯುವ ಚಕ್ರ ಇಟ್ಟರು. ಓಡಿತು, ಆದರೆ ಕೊಯ್ದ ಕಳೆಯ ಭಾರಕ್ಕೆ ಮೂತಿ ಮುಳುಗಿಸಿತು. ಮೂರನೆಯದರಲ್ಲಿ, ಹಲ್ಲು ಕತ್ತರಿಸಿದ್ದನ್ನು ಓರೆಯಾದ ಕಬ್ಬಿಣದ ಜಾಲರಿ ಪಟ್ಟಿಯೊಂದು ಮೇಲಕ್ಕೆತ್ತಿ ದೋಣಿಯ ಹಿಂಭಾಗಕ್ಕೆ ಸುರಿಯುತ್ತಿತ್ತು. ಪಟ್ಟಿಗೆ ಬೆಸುಗೆ ಹಾಕಿದವನು ನಾನು. ಮೊದಲ ಸಲ ತಲೆಕೆಳಗಾಗಿ ಹಾಕಿದವನೂ ನಾನೇ.

ದೋಣಿಯನ್ನು ಗಿರಾಕಿಗೆ ಕೊಡುವ ಮೊದಲು ಓಡಿಸಿ ನೋಡುತ್ತಿದ್ದ ವಾರದಲ್ಲೇ ಕೋರಚ್ಚನ್ ತೀರಿಕೊಂಡರು. ಮರುದಿನ ಮೂರು ಗಂಟೆಗೆ ಮಣ್ಣು ಮಾಡುವುದೆಂದು ಪಾದ್ರಿ ಹೇಳಿದರು. ಇಗರ್ಜಿ ಇರುವುದು ಕಾಲುವೆ ಹೊಳೆ ಸೇರುವಲ್ಲಿ. ಒಳಕಾಲುವೆಯ ಉದ್ದಕ್ಕೂ ಕಳೆ ಚಾಪೆ ಹಾಸಿದಂತೆ ಕೂತಿತ್ತು, ಕೋಲಿನಿಂದ ತಳ್ಳಿದಷ್ಟೂ ಮತ್ತೆ ಬಂದು ಕೂಡಿಕೊಳ್ಳುತ್ತಿತ್ತು. ಗದ್ದೆಯ ಬದುವಿನ ಮೇಲೆ ಹೊತ್ತು ಹೋಗೋಣವೆಂದರೆ ಅಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬಹುದು, ಶವಪೆಟ್ಟಿಗೆಗೆ ಇಬ್ಬರು ಅಕ್ಕಪಕ್ಕ ಬೇಕು.

"ನಮ್ಮ ದೋಣಿ ತರ್ಸು," ಎಂದರು ಚೇಚ್ಚಿ.

ಓಡಿಸುವ ಪುನ್ನೂಸ್ ಮತ್ತು ನಾನು ತಂದೆವು. ಮುಂದೆ ಅದು ಕೊಯ್ಯುತ್ತಾ ಹೊರಟಿತು, ಹಿಂದೆ ಹಳ್ಳಿಯ ದೋಣಿಯಲ್ಲಿ ಕೋರಚ್ಚನ್, ಮೇಲೊಂದು ಕರಿ ಕೊಡೆ. ಕಳೆ ದಾರಿ ಬಿಡುತ್ತಾ ಬಂತು. ಕಾಲುಸೇತುವೆಯ ಹತ್ತಿರ ಪಟ್ಟಿಯ ಚೌಕಟ್ಟು ಸೇತುವೆಗೆ ಬಡಿದು ಖಣ್ ಎಂದಿತು.

"ಚೇಚ್ಚಿ, ತೂರಲ್ಲ," ಎಂದ ಪುನ್ನೂಸ್. "ಒಂದು ಗೇಣು ಎತ್ತರ ಜಾಸ್ತಿ ಐತೆ."

ದಂಡೆಯಲ್ಲಿ ಯಾರೋ, "ಸಾವಿಗೆ ಬಂದಿದೆ, ದೋಣಿಗೆ ಟೊಪ್ಪಿ ತೆಗೆಯೋಕೆ ಹೇಳ್ರೋ!" ಎಂದರು. ಇನ್ನೊಬ್ಬರು ಅವರ ತಲೆಗೆ ಮೊಟಕಿದರು.

ಚೇಚ್ಚಿ ಪ್ರತಿ ಸೇತುವೆಯನ್ನೂ ತಾವೇ ಅಳೆದಿದ್ದರು. ಆದರೆ ಅಳೆದದ್ದು ಗದ್ದೆಗಳಲ್ಲಿ ನೀರು ತುಂಬಿ ನಿಂತಿದ್ದ ತಿಂಗಳಲ್ಲಿ. ಈಗ ಬಿತ್ತನೆಗೆಂದು ಗದ್ದೆ ಬತ್ತಿಸಲು ಪಂಪು ಹಾಕಿದ್ದರು. ಗದ್ದೆಯ ನೀರೆಲ್ಲ ಕಾಲುವೆಗೆ ಬಂದು, ಕಾಲುವೆ ದೋಣಿಯನ್ನು ಎತ್ತಿ ಹಿಡಿದಿತ್ತು. ಆ ಪಂಪಿನ ಸದ್ದಿನಲ್ಲೇ ಹುಟ್ಟಿ ಬೆಳೆದವರು ಅದನ್ನು ಲೆಕ್ಕಕ್ಕೇ ತಂದಿರಲಿಲ್ಲ. ಉಸಿರನ್ನು ಯಾರು ಲೆಕ್ಕ ಹಾಕುತ್ತಾರೆ?

"ಶೋಶಾಮ್ಮಾ, ಪಂಪು ನಿಲ್ಲಿಸ್ತೀವಿ," ಎಂದರು ಗದ್ದೆ ಸಮಿತಿಯ ಹಿರಿಯರು.

"ನಿಲ್ಲಿಸಿದ್ರೆ ನೀರು ಇಳಿಯೋದು ನಾಳೆ." ನನ್ನತ್ತ ತಿರುಗಿದರು. "ಕತ್ತರಿಸೋ."

"ಏನನ್ನ?"

"ಪಟ್ಟಿ ಚೌಕಟ್ಟು. ಎರಡನೇ ರೋಲರ್ ಮೇಲಿಂದು ಪೂರ್ತಿ."

"ಚೇಚ್ಚಿ, ಸೋಮವಾರ ದೋಣಿ ಕೊಡ್ಬೇಕು. ಶೆಡ್ಡಿನ ಧಣಿ ಏನಂತಾರೋ..."

"ಧಣಿ ಸತ್ತಿಲ್ಲ. ನಮ್ಮಪ್ಪ ಸತ್ತಿರೋದು."

ದೋಣಿಯಲ್ಲೇ ಇದ್ದ ಗ್ಯಾಸ್ ಕಟರ್ ಹಚ್ಚಿದೆ. ನಾನೇ ಹಾಕಿದ ಬೆಸುಗೆ ಇಷ್ಟು ಗಟ್ಟಿಯಾಗಿದೆಯೆಂದು ಅವತ್ತೇ ಗೊತ್ತಾಗಿದ್ದು, ಹೆಮ್ಮೆಪಡಲು ಸರಿಯಾದ ಸಮಯವಲ್ಲ. ಕಿಡಿ ನೀರಿಗೆ ಬಿದ್ದು ಚುಯ್ ಎನ್ನುತ್ತಿತ್ತು. ಚೇಚ್ಚಿ ಪಕ್ಕದಲ್ಲಿ ನಿಂತು ಎಲ್ಲಿ ಎಂದು ಬೆರಳಿಟ್ಟು ತೋರಿಸಿದರು. ಕತ್ತರಿಸಿದ ತುಂಡು ದಂಡೆಗೆ ಹೋದ ಮೇಲೆ ತಾವೇ ಕೂತು ಪಟ್ಟಿಯ ಕೊಂಡಿ ಬಿಚ್ಚಿ ಗಿಡ್ಡ ಮಾಡಿದರು. ಅಪ್ಪನಿದ್ದ ಹಿಂದಿನ ದೋಣಿಯತ್ತ ನೋಡಲಿಲ್ಲ. ಮುಖದಲ್ಲಿ ಏನಾದರೂ ಕಂಡೀತೆಂದು ಕಾದೆ, ಕಾಣಲಿಲ್ಲ. ನನ್ನೊಳಗೂ ಏನೂ ಇರಲಿಲ್ಲ. ಕಿವಿಯಲ್ಲಿ ಪಂಪಿನ ಸದ್ದು ಮಾತ್ರ.

ಸೇತುವೆ ದಾಟಿತು. ಕಳೆ ಈಗ ಹಿಂದಕ್ಕೆ ಹೋಗದೆ ನಮ್ಮ ಕಾಲಬುಡದಲ್ಲೇ ಸುರಿಯುತ್ತಿತ್ತು. ಸಾವಿಗೆ ಬಂದವರೇ ಮುಂಡು ಎತ್ತಿ ಕಟ್ಟಿ ದೋಣಿ ಹತ್ತಿ, ಬಾಚಿ ಬಾಚಿ ದಂಡೆಗೆ ಎಸೆದರು. ಇಗರ್ಜಿಯ ಗಂಟೆ ಬಾರಿಸುವಷ್ಟರಲ್ಲಿ ಕೋರಚ್ಚನ್ ದೋಣಿ ನಿಲ್ಲುವ ಕಡವಿನಲ್ಲಿದ್ದರು.

ಮಣ್ಣು ಮಾಡಿ ಬಂದು ಗಂಜಿ, ಹೆಸರುಕಾಳಿನ ಪಲ್ಯಕ್ಕೆ ಕೂತಾಗ ಚೇಚ್ಚಿಯ ಚಿಕ್ಕಮ್ಮ ರಾಹೇಲಮ್ಮ ಎಲ್ಲರಿಗೂ ಕೇಳುವಂತೆ ಕೇಳಿದರು:

"ಅಲ್ವೇ ಹುಡುಗಿ, ಕೊನೇ ಮುತ್ತು ಕೊಡೋವಾಗ್ಲೂ ಒಂದು ಹನಿ ನೀರು ಬರ್ಲಿಲ್ವಲ್ಲೇ ನಿನ್ನ ಕಣ್ಣಲ್ಲಿ. ಇಡೀ ದಿನ ಆ ಕಬ್ಬಿಣನೇ ನೋಡ್ತಿದ್ದೆ. ಅಪ್ಪನ ಮೇಲೆ ಪ್ರೀತಿನೇ ಇರ್ಲಿಲ್ವಾ ನಿಂಗೆ?"

ಚೇಚ್ಚಿ ಹಪ್ಪಳ ಮುರಿದು ಗಂಜಿಗೆ ಹಾಕಿಕೊಂಡರು.

"ಗೊತ್ತಿಲ್ಲ, ಚಿಕ್ಕಮ್ಮ. ಮೂರು ಗಂಟೆಗೆ ಮಣ್ಣಾಗ್ಬೇಕಿತ್ತು, ಆದ್ರು. ಅಳು ಬಂದ್ರೆ ಹೇಳಿ ಕಳಿಸ್ತೀನಿ."