ಮದುವೆ ಮಂಟಪದ ಎಪ್ಪತ್ತು ಕವಲು

ಪುಣೆಯ ಕರ್ವೆನಗರದ ಒಂದು ಸಣ್ಣ ಕಚೇರಿಯಲ್ಲಿ ವೃಷಾಲಿ ಕರಂದೀಕರ್ ಹನ್ನೊಂದು ವರ್ಷದಿಂದ ಒಂದೇ ಕಂಪ್ಯೂಟರ್ ಕೋಡನ್ನು ಕಾಯುತ್ತಿದ್ದಳು. ಊರಿನ ಮದುವೆ ಮಂಟಪಗಳನ್ನು ಕಾದಿರಿಸುವ ವೆಬ್‌ಸೈಟು ಅದು. ಕೇಳಿದ ದಿನ ಮಂಟಪ ಖಾಲಿ ಇದೆಯೋ ಇಲ್ಲವೋ ಎಂದು ಹೇಳುವ ಒಂದು ಫಂಕ್ಷನ್, ಅಂದರೆ ಕೋಡಿನ ಒಂದು ಘಟಕ, ಅದರ ಹೊಟ್ಟೆಯಲ್ಲಿತ್ತು. ಅಷ್ಟು ಹೇಳುವುದಕ್ಕೆ ಅದು ಎಪ್ಪತ್ತು ಕಡೆ 'ಹೀಗಿದ್ದರೆ ಹಾಗೆ' ಎಂದು ಕವಲೊಡೆಯುತ್ತಿತ್ತು. ಬೆಳಿಗ್ಗೆ ಮುಂಜಿ ಇದ್ದರೆ ಸಂಜೆ ಆರತಕ್ಷತೆಗೆ ಕೊಡಬಹುದು. ಬೇರೊಬ್ಬರು ಹಿಂದಿನ ಸಂಜೆಯೇ ಬಂದು, ಮದುವೆಗೆ ಮುಂಚೆ ವರನನ್ನು ಎದುರುಗೊಳ್ಳುವ ಸೀಮಂತ ಪೂಜೆಗೆ ಕೂತಿದ್ದರೆ ಮರುದಿನ ಬೆಳಿಗ್ಗೆ ಇನ್ನೊಬ್ಬರಿಗೆ ಕೊಡಕೂಡದು. ಪ್ರತಿ ಕವಲಿನ ಹಿಂದೆಯೂ ಯಾರದೋ ಜಗಳವಿತ್ತು, ಎಲ್ಲವೂ ವೃಷಾಲಿಯ ತಲೆಯಲ್ಲಿದ್ದವು.

ಹಾಗಾಗಿ ಮದುವೆಗಳ ಮೇ ತಿಂಗಳಲ್ಲಿ ಅವಳಿಗೆ ರಜೆ ಎಂಬುದೇ ಇರಲಿಲ್ಲ. ರತ್ನಾಗಿರಿಯಲ್ಲಿದ್ದ ಅಕ್ಕ ಕುಮುದ ಪ್ರತಿ ವರ್ಷ ಕರೆದು ಕರೆದು, ಈಚೆಗೆ ಕರೆಯುವುದನ್ನೂ ಬಿಟ್ಟಿದ್ದಳು. ವೃಷಾಲಿಗೆ ಸುಸ್ತಾಗಿತ್ತು, ನಿದ್ದೆಯಿಂದ ಹೋಗುವ ಸುಸ್ತಲ್ಲ ಅದು.

ಆ ವರ್ಷ ಕಚೇರಿಗೆ ತಪಾಸಣೆಯ ಪ್ರೋಗ್ರಾಂ ಒಂದು ಬಂತು. ಬರೆದ ಕೋಡನ್ನೆಲ್ಲ ತಾನೇ ಓದಿ, ಒಂದು ಫಂಕ್ಷನ್ನಿನಲ್ಲಿ ಹತ್ತಕ್ಕಿಂತ ಹೆಚ್ಚು ಕವಲು ಕಂಡರೆ ಕೆಂಪು ಗೆರೆ ಎಳೆಯುತ್ತಿತ್ತು, ಇಲ್ಲದಿದ್ದರೆ ಹಸಿರು. ಎಲ್ಲರೂ ಅದನ್ನು 'ಅತ್ತೆ' ಎಂದೇ ಕರೆದರು.

"ಅತ್ತೆ ಹಸಿರು ತೋರಿಸಲಿ ವೃಷಾಲಿ," ಎಂದ ಮಾಲೀಕ ಶಿರೀಷ. "ಆಮೇಲೆ ಆ ಕೋಡನ್ನ ಯಾರು ಬೇಕಾದ್ರೂ ನೋಡ್ಕೋತಾರೆ. ನೀನು ಇಡೀ ಮೇ ಅಕ್ಕನ ಮನೇಲಿ ಮಾವಿನಹಣ್ಣು ತಿಂದ್ಕೊಂಡಿರು."

ವೃಷಾಲಿ ಪಟ್ಟು ಹಿಡಿದು ಕೂತಳು. ಒಂದೊಂದೇ ಮಂಟಪಕ್ಕೆ ಫೋನ್ ಮಾಡಿ, ಹಳೆಯ ನಿಯಮ ಇನ್ನೂ ಬೇಕೇ ಎಂದು ಕೇಳಿದಳು.

"ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ತೆಗೆಯಲ್ಲ ಅಂತಿತ್ತಲ್ಲ, ಆ ನಿಯಮ ತೆಗೆದುಹಾಕ್ಲಾ?"

"ಯಾಕೆ?" ಎಂದು ಗುಡುಗಿದರು ಸದಾಶಿವ ಪೇಟೆಯ ಮಂಟಪದ ಮುದುಕರು. "ನಾವೇನು ಮಧ್ಯಾಹ್ನ ಮಲಗೋದು ಬಿಟ್ಟಿದೀವಾ?"

ಆದರೂ ಮುಚ್ಚಿಹೋದ ಮಂಟಪಗಳು, ಯಾರಿಗೂ ನೆನಪಿಲ್ಲದ ಜಗಳಗಳು ಒಂದೊಂದಾಗಿ ಉದುರಿದವು. ಏಪ್ರಿಲ್ ಮುಗಿಯುತ್ತ ಬಂದರೂ ಮೂವತ್ತು ಕವಲು ಅಲ್ಲಾಡದೆ ಉಳಿದವು. ಅವು ನಿಜವಾಗಿಯೂ ಬೇಕಾದವು.

ಪಕ್ಕದ ಮೇಜಿನ ಪರೀಕ್ಷಿತ ಜೋಗಳೇಕರನಿಗೆ ಕನಿಕರ ಬಂತು. ಉಳಿದದ್ದನ್ನು ಅವನು ಒಂದೇ ಮಧ್ಯಾಹ್ನದಲ್ಲಿ ಕತ್ತರಿಸಿದ. ಭಾಗ ಒಂದು, ಭಾಗ ಎರಡು, ಹೀಗೆ ಎಂಟು ತುಂಡು, ಹೆಸರೂ ಅವೇ.

"ನೋಡಕ್ಕಾ, ಅತ್ತೆ ಬಾಯಿ ಮುಚ್ಚಿದ್ಲು!"

"ಇದು ಸರಳ ಆಗಿದ್ದಲ್ಲ ಕಣೋ. ಚೂರಾಗಿದ್ದು."

"ಹಸಿರು ಬಂತಲ್ಲ? ಬಸ್ ಹತ್ತು ನೀನು."

ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಪ್ಪಿಗೆಯ ಗುಂಡಿ ಒತ್ತಿದಳು. ದಣಿದವಳ ಕೈ ಅದು, ನಾನಂತೂ ಬೈಯಲಾರೆ. ಕಚೇರಿಯಲ್ಲಿ ಪೇಡ ಹಂಚಿದರು.

ರತ್ನಾಗಿರಿಗೆ ಹೋದ ಮೂರನೆಯ ದಿನ, ಅಂಗಳದಲ್ಲಿ ಕುಮುದಳ ಜೊತೆ ಹಪ್ಪಳ ಹರವುತ್ತಿದ್ದಾಗ ಫೋನ್ ಬಂತು. ಕೋಥರೂಡಿನ ಮಂಟಪದಲ್ಲಿ ಸೀಮಂತ ಪೂಜೆ ಮುಗಿಸಿ ಮಲಗಿ ಎದ್ದ ಬೀಗರ ಮುಂದೆಯೇ ಇನ್ನೊಂದು ಮದುವೆಯ ದಿಬ್ಬಣ ಬಂದು ನಿಂತಿತ್ತು. ಇಬ್ಬರು ವರರು, ಒಂದೇ ಮಂಟಪ.

"ಅಕ್ಕಾ, ಭಾಗ ನಾಲ್ಕು ಆದ್ಮೇಲೆ ಐದಕ್ಕೆ ಹೋಗ್ಬೇಕಾ, ಏಳಕ್ಕಾ?" ಎಂದು ಕೇಳಿದ ಪರೀಕ್ಷಿತ. "ನಾಳೇದೂ ಹಿಂಗೇ ಆಗಿದ್ರೆ?"

ವೃಷಾಲಿ ಲ್ಯಾಪ್‌ಟಾಪ್ ತೆರೆದು ಎಂಟೂ ತುಂಡುಗಳನ್ನು ಓದಿದಳು, ಮತ್ತೆ ಓದಿದಳು. ಕಣ್ಣು ಮುಚ್ಚಿದರೂ ದಾರಿ ಕಾಣುತ್ತಿದ್ದ ಆ ಕೋಡಿನಲ್ಲಿ ಮೊದಲ ಬಾರಿಗೆ ಅವಳಿಗೆ ದಾರಿ ತಪ್ಪಿತು.

"ನಂಗೂ ತಿಳೀತಿಲ್ಲ ಪರೀಕ್ಷಿತ. ಕತ್ತರಿಸೋಕೆ ಮುಂಚಿನದ್ದನ್ನೇ ವಾಪಸ್ ಹಾಕು."

ಅತ್ತ ಶಿರೀಷ ಫೋನ್ ಕಸಿದುಕೊಂಡ. "ಮತ್ತೆ ಕೆಂಪಾಗುತ್ತಲ್ಲ ವೃಷಾಲಿ! ಅದನ್ನ ಇಲ್ಲಿ ಯಾರು ನೋಡ್ಕೋತಾರೆ?"

ಹಿಟ್ಟಿನ ಕೈಯಲ್ಲೇ ಕುಮುದ ತಂಗಿಯ ಮುಖ ನೋಡುತ್ತ ನಿಂತಿದ್ದಳು.

"ನಾನೇ ನೋಡ್ಕೋತೀನಿ," ಎಂದಳು ವೃಷಾಲಿ. ಹೇಳಿದ ಮೇಲೆ ಅಳು ಬಂತು.