ಮಲ್ಲಿಗೆಗೆ ಹಾಕಿದ ಗೊಟ್ಟ

ಮೊನ್ನೆ ತಂಗಿಯ ಮನೆಯವರು ಹಂಪಿ ರಸ್ತೆಯಲ್ಲಿ ಹೊಸದಾಗಿ ತೆರೆದ ಹೋಟೆಲೊಂದಕ್ಕೆ ನನ್ನನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದರು. ಈಗಿನ ಹೋಟೆಲುಗಳ ಶೋಕಿ ನಿಮಗೆ ಗೊತ್ತೇ ಇದೆ. ನಮ್ಮ ಹಿತ್ತಲ ಸಾಮಾನನ್ನೇ ಗೋಡೆಗೆ ತೂಗುಹಾಕಿ ನಮಗೇ ತೋರಿಸುತ್ತಾರೆ. ಮೊರ, ಕುಂಟೆ, ಲಾಟೀನು, ಅವುಗಳ ನಡುವೆ ಒಂದು ಗೊಟ್ಟ. ದನದ ಬಾಯಿಗೆ ಔಷಧಿ ಹೊಯ್ಯುವ, ಒಂದು ತುದಿಯನ್ನು ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ. ವಾರ್ನಿಶ್ ಹಚ್ಚಿ ಮಿರಮಿರ ಮಿಂಚಿಸಿದ್ದರು. ತಂಗಿಯ ಸೊಸೆ ಅದೇನೆಂದು ಕೇಳಿದಳು. ಮೂವತ್ತು ವರ್ಷ ದನದ ಡಾಕ್ಟರಾಗಿದ್ದವನು ಈಗ ಭಾಷಣ ಬಿಗಿಯುತ್ತಾನೆಂದು ಉಳಿದವರು ನಿಟ್ಟುಸಿರಿಟ್ಟು ಸಿದ್ಧರಾದರು. ದನಕ್ಕೆ ಔಷಧಿ ಹೊಯ್ಯುವುದು ಎಂದಷ್ಟೇ ಹೇಳಿದೆ. ತಟ್ಟೆಯಲ್ಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟೆ.

ದನದ ಡಾಕ್ಟರ್ ಎಂದೆ. ಬೋರ್ಡಿನ ಮೇಲೆ ಪಶುವೈದ್ಯ ಎಂದಿತ್ತು, ಪಶುಗಳಲ್ಲಿ ಕುದುರೆಯೂ ಸೇರಿತ್ತು. ಬೋರ್ಡು ಬರೆಸಿದವರಿಗೆ ನನ್ನ ವಿಷಯ ಗೊತ್ತಿರಲಿಲ್ಲ, ಅಷ್ಟೆ. ಕಾಲೇಜಿನಲ್ಲಿ ಕುದುರೆಯ ಅಧ್ಯಾಯ ಪರೀಕ್ಷೆಗೆ ಬಾರದಿರಲೆಂದು ಹರಕೆ ಹೊತ್ತವನು ನಾನು. ಬರಲಿಲ್ಲ. ಆಮೇಲೆ ಸಂಡೂರು ಕಡೆ ಕೆಲಸಕ್ಕೆ ಸೇರಿದೆ. ಯಶವಂತನಗರದ ಅದಿರು ಲಾರಿಗಳ ಕೆಂಧೂಳು ಮೂಗಿಗೆ ಮೆತ್ತಿಕೊಂಡ ಆಕಳು, ವಡ್ಡು ಗ್ರಾಮದ ಎಮ್ಮೆ, ಕುರಿ, ಮೇಕೆ, ಇವುಗಳಲ್ಲೇ ವರ್ಷಗಳು ಕಳೆದವು. ಎಮ್ಮೆ ಬಹಳ ಸಜ್ಜನ ಪ್ರಾಣಿ. ಎಂಥ ನೋವಿದ್ದರೂ ಸುಮ್ಮನೆ ನಿಂತು ಡಾಕ್ಟರಿಗೆ ಯೋಚಿಸಲು ಸಮಯ ಕೊಡುತ್ತದೆ. ಕುದುರೆ ಕೊಡುವುದಿಲ್ಲ. ಅಷ್ಟು ದೊಡ್ಡ ಪ್ರಾಣಿಗೆ ವಾಂತಿ ಮಾಡಿಕೊಳ್ಳಲೂ ಬರುವುದಿಲ್ಲ. ತಿಂದದ್ದು ಒಳಗೆ ಹುಳಿಬಂದು ಉಬ್ಬಿದರೆ ಹೊಟ್ಟೆ ಒಡೆದುಹೋದೀತು. ಕೇಳೋಣವೆಂದರೆ ನಮ್ಮ ಸೀಮೆಯ ಡಾಕ್ಟರುಗಳೆಲ್ಲ ನನ್ನಂಥವರೇ. ಕುದುರೆ ಬಲ್ಲವರು ಬೆಂಗಳೂರಿನಲ್ಲಿದ್ದರು. ಫೋನು ಮಾಡಿದರೆ "ಇಲ್ಲಿಗೆ ಕರ್ಕೊಂಡು ಬನ್ನಿ" ಎನ್ನುತ್ತಿದ್ದರು, ಕುದುರೆಯನ್ನು ರೈಲಿನಲ್ಲಿ ಪಕ್ಕದ ಸೀಟಿಗೆ ಕೂರಿಸಿಕೊಂಡು ಹೋಗಬಹುದು ಎಂಬಂತೆ.

ಕಂಪ್ಲಿಯ ಹುಲಿಗೆಮ್ಮ ನನಗೆ ಪರಿಚಯವಾದದ್ದು ನಾನು ಆ ಕಡೆಗೆ ವರ್ಗವಾಗಿ ಬಂದ ಮೇಲೆ, ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದಾಗ. ಅವಳಪ್ಪ ಹೊಸಪೇಟೆ ಸ್ಟೇಷನ್ ಮುಂದೆ ಟಾಂಗಾ ಹೊಡೆಯುತ್ತಿದ್ದವನು. ಆಟೋಗಳು ಬಂದ ಮೇಲೆ ಟಾಂಗಾ ಹೋಯಿತು, ಅಪ್ಪನೂ ಹೋದ, ಮಗಳಿಗೆ ಕುದುರೆಯ ಹುಚ್ಚು ಉಳಿಯಿತು. ಮಲ್ಲಿಗೆ ಎಂಬ ಬಿಳಿ ಹೆಣ್ಣುಕುದುರೆ ಸಾಕಿ ಮದುವೆ ಮೆರವಣಿಗೆಗೆ ಕರೆದೊಯ್ಯುತ್ತಿದ್ದಳು. ಹೆಂಗಸು ಕುದುರೆ ಹಿಡಿದು ನಡೆಯುವುದನ್ನು ನೋಡಿ ಮೊದಮೊದಲು ನಕ್ಕವರೇ ಆಮೇಲೆ ಮಲ್ಲಿಗೆಯೇ ಬೇಕೆಂದು ಮುಹೂರ್ತ ಗೊತ್ತಾದ ದಿನವೇ ಹೇಳಿಕಳಿಸುತ್ತಿದ್ದರು. ಬ್ಯಾಂಡು ಕಿವಿಯ ಹತ್ತಿರವೇ ಬಡಿದರೂ ಅದು ಬೆದರುತ್ತಿರಲಿಲ್ಲ. ಹುಲಿಗೆಮ್ಮನ ಕೈ ಅದರ ಕುತ್ತಿಗೆಯ ಮೇಲಿದ್ದರೆ ಸಾಕು.

ನಮ್ಮ ಕಡೆಯ ಕೆಲವು ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಮದುಮಗ ಹತ್ತುವ ಮೊದಲು ಅವನ ಅಕ್ಕತಂಗಿಯರು ಕುದುರೆಗೆ ಅರಿಶಿನ ಕುಂಕುಮ ಹಚ್ಚಿ ನೆನೆಸಿದ ಕಡಲೆ, ಬೆಲ್ಲ ತಿನ್ನಿಸುತ್ತಿದ್ದರು. ಒಂದು ಹಿಡಿ ಸಾಕು. ಆದರೆ ಮದುವೆಮನೆಯಲ್ಲಿ ಹಿಡಿಯ ಲೆಕ್ಕ ಯಾರಿಗಿದೆ? ಆ ವೈಶಾಖದ ಒಂದೇ ದಿನ ಮಲ್ಲಿಗೆಗೆ ಹೊಸಪೇಟೆಯಲ್ಲಿ ಎರಡು ಮೆರವಣಿಗೆ. ಎರಡನೆಯ ಮನೆಯಲ್ಲಿ ಮದುಮಗನಿಗೆ ಐವರು ಅಕ್ಕಂದಿರು, ಐವರದೂ ಒಂದೊಂದು ಬುಟ್ಟಿ. ಬ್ಯಾಡ್ರವ್ವಾ ಎಂದರೆ ಶುಭಕಾರ್ಯದಲ್ಲಿ ಅಡ್ಡಬಾಯಿ ಹಾಕಿದಂತಾಗುತ್ತದೆಂದು ಹುಲಿಗೆಮ್ಮ ಸುಮ್ಮನಿದ್ದಳಂತೆ.

ಮರುದಿನ ಬೆಳಿಗ್ಗೆ ಕರೆ ಬಂತು. ನಾನು ಕಂಪ್ಲಿಗೆ ಹೋದಾಗ ಮಲ್ಲಿಗೆ ನೆಲಕ್ಕೆ ಬಿದ್ದು ಹೊರಳಿ, ಎದ್ದು, ಮತ್ತೆ ಬೀಳುತ್ತಿತ್ತು. ಮೈಯೆಲ್ಲ ಬೆವರು. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು. ಓಣಿಯ ಜನವೆಲ್ಲ ನೆರೆದಿದ್ದರು. ನೋವಿನ ಇಂಜೆಕ್ಷನ್ ಕೊಟ್ಟೆ. ಇನ್ನು ಹೊಟ್ಟೆಗೆ ಎಣ್ಣೆ ಇಳಿಸಬೇಕು. ಕುದುರೆಗೆ ಅದನ್ನು ಮೂಗಿನಿಂದ ಉದ್ದನೆಯ ರಬ್ಬರ್ ಕೊಳವೆ ಹಾಕಿ ಇಳಿಸಬೇಕು. ಕೊಳವೆ ಜೀಪಿನಲ್ಲಿತ್ತು. ಸುತ್ತಿದ ಕಾಗದ ಕೂಡ ಬಿಚ್ಚಿರಲಿಲ್ಲ. ಕುದುರೆಗೆ ಕೊಳವೆ ಹಾಕುವುದನ್ನು ಕಾಲೇಜಿನಲ್ಲಿ ದೂರದಿಂದ ಒಮ್ಮೆ ನೋಡಿದ್ದೆನೇ ಹೊರತು ನನ್ನ ಕೈಯಿಂದ ಹಾಕಿರಲಿಲ್ಲ. ಅಷ್ಟು ಜನರ ಮುಂದೆ ಹಾಕಲು ಹೋಗಿ ಮೂಗಿನಿಂದ ರಕ್ತ ಬಂದರೆ? ಎರಡು ಸಲ ತಪ್ಪಿದರೆ? ನಿಮ್ಮ ಮುಂದೆ ಮುಚ್ಚಿಡುವುದೇನು, ನನಗೆ ಕುದುರೆಗಿಂತ ಜನರ ಭಯವೇ ಹೆಚ್ಚಿತ್ತು. ಗೊಟ್ಟ ತರಲು ಹೇಳಿದೆ. ದಿನಕ್ಕೆ ಹತ್ತು ದನಗಳಿಗೆ ಅದನ್ನು ಹಾಕಿದ ಕೈ ನನ್ನದು.

"ಕುದುರಿಗಿ ಗೊಟ್ಟ ಹಾಕಬಾರ್ದಂತ ನಮ್ಮಪ್ಪ ಅಂತಿದ್ದ್ರಿ ಸಾಹೇಬ್ರ" ಎಂದಳು ಹುಲಿಗೆಮ್ಮ, ಮೆಲ್ಲಗೆ.

"ಡಾಕ್ಟರು ನಾನೋ, ನಿಮ್ಮಪ್ಪನೋ?" ಎಂದೆ. ಜನ ನಕ್ಕರು. ಅವಳು ಮಲ್ಲಿಗೆಯ ತಲೆಯನ್ನು ಎತ್ತಿ ಹಿಡಿದಳು.

ಎರಡನೆಯ ಗೊಟ್ಟಕ್ಕೆ ಮಲ್ಲಿಗೆ ಒಮ್ಮೆಲೇ ಕೆಮ್ಮಿತು. ಮೂಗಿನ ಹೊಳ್ಳೆಗಳಿಂದ ಎಣ್ಣೆ ಹೊರಚಿಮ್ಮಿ ನನ್ನ ಅಂಗಿಗೆ ಬಿತ್ತು. ಏನಾಯಿತೆಂದು ನನಗೆ ಆ ಕ್ಷಣದಲ್ಲೇ ತಿಳಿಯಿತು. ತಿಳಿದದ್ದರಿಂದಲೇ ಕೂಗಿದೆ, "ತಲಿ ಸರಿಯಾಗಿ ಹಿಡಿಬೇ! ಹಿಂಗ ಹಿಡದ್ರ ಶ್ವಾಸಕೋಶಕ್ಕ ಹೊಕ್ಕೈತಿ!"

ಮಧ್ಯಾಹ್ನದ ಹೊತ್ತಿಗೆ ಮಲ್ಲಿಗೆ ಲದ್ದಿ ಹಾಕಿತು. ಆ ಸೀಮೆಯಲ್ಲಿ ಲದ್ದಿಗೆ ಅಂಥ ಸ್ವಾಗತ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ. ಯಾರೋ ನನಗೆ ಹಾರ ಹಾಕಿದರು. ಹುಲಿಗೆಮ್ಮ ಕಾಲಿಗೆ ಬಿದ್ದಳು. ಮೂರನೆಯ ದಿನ ಜ್ವರ ಬಂತು, ಮೂಗಿನಿಂದ ಕೊಳೆತ ವಾಸನೆಯ ಸಿಂಬಳ ಸುರಿಯತೊಡಗಿತು. ನನ್ನಲ್ಲಿದ್ದ ಇಂಜೆಕ್ಷನ್‌ಗಳನ್ನೆಲ್ಲ ಚುಚ್ಚಿದೆ. ಎಣ್ಣೆ ಹೊಕ್ಕ ಶ್ವಾಸಕೋಶಕ್ಕೆ ಯಾವ ಇಂಜೆಕ್ಷನ್ನೂ ನಾಟುವುದಿಲ್ಲ. ಪಕ್ಕೆಗೆ ಸ್ಟೆತೊಸ್ಕೋಪ್ ಇಟ್ಟರೆ ಒಳಗೆ ಹುರುಳಿ ಕುದಿಯುವ ಸದ್ದು. ಆರನೆಯ ದಿನ ಮಲ್ಲಿಗೆ ಹುಲಿಗೆಮ್ಮನ ಮಡಿಲಲ್ಲಿ ಮೂತಿಯಿಟ್ಟು ಸತ್ತುಹೋಯಿತು. ಅವಳು ಅಳಲಿಲ್ಲ. "ನೀವು ಭಾಳ ಮಾಡಿದ್ರಿ ಸಾಹೇಬ್ರ" ಎಂದಳು. ನಾನು ತಲೆಯಾಡಿಸಿದೆ. ನಾಚಿಕೆಯಿಲ್ಲದೆ ತಲೆಯಾಡಿಸಿದೆ.

ಆಮೇಲೆ ನಾನು ಕಂಪ್ಲಿಯ ಆ ಓಣಿಗೆ ಹೋಗಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದೆ. ಗೆಳೆಯರು ಸೇರಿದಲ್ಲಿ ಮಲ್ಲಿಗೆಯ ಕಥೆಯನ್ನು ಲದ್ದಿ ಹಾಕುವವರೆಗೆ ಮಾತ್ರ ಹೇಳಿ, ಹಾರ ಹಾಕಿಸಿಕೊಂಡಲ್ಲಿಗೆ ಮುಗಿಸುತ್ತಿದ್ದೆ. ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೀಗೆ ಹನ್ನೆರಡು ವರ್ಷ ನಡೆಯಿತು. ಹೋಟೆಲಿನಿಂದ ಮನೆಗೆ ಬಂದ ದಿನ ಮಾತ್ರ ಆ ಕಥೆಯ ಉಳಿದ ಅರ್ಧ ನನ್ನನ್ನು ಬಿಡಲಿಲ್ಲ. ಮರುದಿನ ಕಂಪ್ಲಿ ಬಸ್ಸು ಹತ್ತಿದೆ. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂಬ ಸ್ವಾರ್ಥವೇ ನನ್ನನ್ನು ಬಸ್ಸಿಗೆ ಹತ್ತಿಸಿದ್ದು.

ಹುಲಿಗೆಮ್ಮ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಬತ್ತ ಹರವುತ್ತಿದ್ದಳು. ಕೂದಲು ನೆರೆತಿತ್ತು. ಗುರುತು ಹಿಡಿದು "ಬರ್ರಿ ಸಾಹೇಬ್ರ, ನೆರಳಿಗೆ ಕುಂದ್ರಿ" ಎಂದಳು. ನಾನು ಕುಳಿತುಕೊಳ್ಳದೆ ನಿಂತಲ್ಲೇ ಎಲ್ಲ ಹೇಳಿದೆ. ಜೀಪಿನಲ್ಲಿದ್ದ ಕೊಳವೆಯ ವಿಷಯವನ್ನೂ ಹೇಳಿದೆ, ಕುದುರೆಗೆ ಗೊಟ್ಟ ಹಾಕಿದ್ದೇ ತಪ್ಪು, ನಿಮ್ಮಪ್ಪ ಹೇಳಿದ್ದೇ ಸರಿ ಎಂದೂ ಹೇಳಿದೆ. ಅವಳು ಬೈದಾಳು, ಅತ್ತಾಳು ಎಂದು ಕಾದೆ.

ಅವಳು ಬತ್ತ ಹರವುವ ಹಲಗೆಯನ್ನು ಕೆಳಗಿಟ್ಟಳು. "ಅಂದ್ರ ನಾ ತಲಿ ಸರಿಯಾಗೇ ಹಿಡದಿದ್ನೇನ್ರಿ?"

"ಸರಿಯಾಗೇ ಹಿಡದಿದ್ದಿ."

"ನನ್ನ ಕೈಯಾಗ ತಪ್ಪು ಇದ್ದಿಲ್ಲೇನ್ರಿ?"

"ಇದ್ದಿಲ್ಲ."

ಅವಳು ತನ್ನ ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು. ಬತ್ತದ ಹೊಟ್ಟು ಉದುರಿತು. "ಅದು ಹೋದ ಮರುವರ್ಸ ನಮ್ಮ ಮಾವ ಗಂಗಾವತಿಯಿಂದ ಕುದುರಿ ಮರಿ ಹೊಡಕೊಂಡ ಬಂದಿದ್ದ್ರಿ. ಬೆಳ್ಳಗ, ಥೇಟ್ ಅದರಂಗ. ಇದನ್ನ ಸಾಕು ಅಂದ. ನಾ ಮುಟ್ಟಲಿಲ್ಲ. ಈ ಕೈಲೇ ಒಂದು ಕೊಂದೀನಿ, ಇನ್ನೊಂದು ಬ್ಯಾಡಂತ ತಿರುಗಿ ಕಳಿಸಿದೆ." ದನಿಯಲ್ಲಿ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಒಂದು ಮಾತು ಆಗ್ಲೇ ಹೇಳಬೇಕಿತ್ತಲ್ರಿ ಸಾಹೇಬ್ರ."

ಗಿರಣಿಯವರು ಕೂಗಿದರು. ಅವಳು ಹಲಗೆ ಎತ್ತಿಕೊಂಡು ಬತ್ತ ತಿರುವಲು ಹೋದಳು. ಹಗುರಾಗಲೆಂದು ಬಂದಿದ್ದ ನಾನು ಬಿಸಿಲಲ್ಲಿ ನಿಂತೇ ಇದ್ದೆ. ಹನ್ನೆರಡು ವರ್ಷ ಆ ಭಾರವನ್ನು ಹೊತ್ತದ್ದು ನಾನಲ್ಲ, ಅವಳು.